ಕಾಳುಕಟ್ಟಲು ನಲವತ್ತು ವರ್ಷ

ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರ ಕರುಣೆಗಾಗಿ ಮೊರೆಯಿಟ್ಟ ನಾವಿಕ ಜಾನ್ ನ್ಯೂಟನ್ ಮುಂದೆ ‘ಅಮೇಜಿಂಗ್ ಗ್ರೇಸ್’ ಬರೆದ. ಆ ಮೊರೆಗೂ, ತಾನು ಮಾಡಿದ್ದು ಮನುಷ್ಯರನ್ನು ಮಾರುವ ಪಾಪದ ಕಸುಬು ಎಂದು ಊರೆದುರು ಒಪ್ಪಿಕೊಂಡದ್ದಕ್ಕೂ ನಡುವೆ 40 ವರ್ಷಗಳಿವೆ. ಕ್ರೈಸ್ತ ನಂಬಿಕೆಯಲ್ಲಿ ಮಾಗುವುದೆಂದರೇನು ಎಂದು ಕೇಳುವವರು ಓದಬೇಕಾದದ್ದು ಆ 40 ವರ್ಷಗಳನ್ನು.

ಅದು 1748ರ ಮಾರ್ಚ್. ಆಫ್ರಿಕಾದ ಕರಾವಳಿಯಿಂದ ಹೊರಟ ‘ಗ್ರೇಹೌಂಡ್’ ಎಂಬ ವ್ಯಾಪಾರಿ ಹಡಗು ಉತ್ತರ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನತ್ತ ಮರಳುತ್ತಿತ್ತು. ನಡುರಾತ್ರಿಯಲ್ಲಿ ಬಿರುಗಾಳಿ ಎದ್ದಿತು. ಒಂದು ದೊಡ್ಡ ಅಲೆ ಹಡಗಿನ ಒಂದು ಮಗ್ಗುಲಿನ ಹಲಗೆಗಳನ್ನು ಕಿತ್ತುಹಾಕಿತು. 22 ವರ್ಷದ ನ್ಯೂಟನ್ ಕಣ್ಣುಬಿಡುವಷ್ಟರಲ್ಲಿ ಮಲಗಿದ್ದ ಕೋಣೆಗೆ ನೀರು ನುಗ್ಗಿತ್ತು.

ಅವನು ಏಣಿ ಹತ್ತುತ್ತಿದ್ದಾಗ ಕ್ಯಾಪ್ಟನ್ ಎದುರಾಗಿ, ಚಾಕು ತರಲು ಹೇಳಿದ. ನ್ಯೂಟನ್ ಹಿಂದಕ್ಕೆ ತಿರುಗಿದ. ಅವನ ಬದಲು ಮೇಲೆ ಹೋದವನನ್ನು ಅಲೆ ಆ ಕ್ಷಣವೇ ಕೊಚ್ಚಿಕೊಂಡು ಹೋಯಿತು.

ಹಾಸಿಗೆ, ಬಟ್ಟೆಬರೆಗಳನ್ನು ಬಿರುಕುಗಳಿಗೆ ತುರುಕಿ, ಮೇಲೆ ಹಲಗೆ ಹೊಡೆದರು. ಹಡಗಿನಲ್ಲಿದ್ದ ಜೇನುಮೇಣ ಮತ್ತು ಬಣ್ಣದ ಮರ ನೀರಿಗಿಂತ ಹಗುರವಾಗಿದ್ದರಿಂದ ಅದು ಮುಳುಗದೆ ನಿಂತಿತು. ಮೈಗೆ ಹಗ್ಗ ಬಿಗಿದುಕೊಂಡು ನ್ಯೂಟನ್ ಬೆಳಗಿನ ಜಾವ ಮೂರರಿಂದ ಮಧ್ಯಾಹ್ನದವರೆಗೆ ಪಂಪು ಹೊಡೆದ. ಈ ಪ್ರಯತ್ನವೂ ಫಲಿಸದಿದ್ದರೆ ದೇವರೇ ಕರುಣೆ ತೋರಬೇಕು ಎಂಬ ಮಾತು ಅವನ ಬಾಯಿಂದ ತಾನಾಗಿ ಹೊರಟಿತು.

ಆಡಿದ ಮೇಲೆ ಅವನೇ ಬೆಚ್ಚಿದ. ದೇವದೂಷಣೆಗೆ ಹೆಸರಾದವನು ಅವನು. ನಾವಿಕರೇ ಹೇಸುವಂಥ ಬಾಯಿ ಅವನದು. ತನ್ನಂಥವನಿಗೆ ಯಾವ ಕರುಣೆ ಸಿಕ್ಕೀತು ಎಂದು ತನ್ನನ್ನೇ ಕೇಳಿಕೊಂಡ. ನಾಲ್ಕು ವಾರಗಳ ನಂತರ, ಅನ್ನನೀರು ಮುಗಿಯುತ್ತ ಬಂದಾಗ, ಮುರುಕಲು ಹಡಗು ಐರ್ಲೆಂಡಿನ ದಡ ಮುಟ್ಟಿತು. ಈಗಿನ ಕ್ಯಾಲೆಂಡರಿನಂತೆ ಮಾರ್ಚ್ 21 ಎನ್ನಬಹುದಾದ ಆ ಬಿರುಗಾಳಿಯ ದಿನವನ್ನು ನ್ಯೂಟನ್ ಬದುಕಿನುದ್ದಕ್ಕೂ ನೆನಪಿಟ್ಟು ಆಚರಿಸಿದ.

ಜನ ಹೇಳುವ ಕಥೆ, ನಡೆದ ಕಥೆ

ನ್ಯೂಟನ್ ಹುಟ್ಟಿ 300 ವರ್ಷ ದಾಟಿದೆ. ಅವನ ಹಾಡು ಇಂದಿಗೂ ಲೋಕದ ಚರ್ಚುಗಳಲ್ಲಿ, ಶವಸಂಸ್ಕಾರಗಳಲ್ಲಿ, ಸಂಗೀತ ಕಛೇರಿಗಳಲ್ಲಿ ಕೇಳಿಬರುತ್ತದೆ. ಜೊತೆಗೊಂದು ಕಥೆಯೂ ಚಾಲ್ತಿಯಲ್ಲಿದೆ: ಗುಲಾಮರ ಹಡಗಿನ ಕ್ರೂರ ಕ್ಯಾಪ್ಟನ್ ಬಿರುಗಾಳಿಗೆ ಸಿಕ್ಕಿ, ದೇವರ ಕಡೆ ತಿರುಗಿ, ಹಡಗನ್ನು ಹಿಂದಕ್ಕೆ ತಿರುಗಿಸಿ ಗುಲಾಮರನ್ನು ಬಿಟ್ಟುಬಿಟ್ಟ ಎಂಬ ಕಥೆ. ಪ್ರಸಂಗಪೀಠದಿಂದ ಹೇಳಲು ಬಹಳ ಅನುಕೂಲವಾದ ಕಥೆ ಅದು.

ನಡೆದದ್ದು ಹಾಗಲ್ಲ. ಬಿರುಗಾಳಿಯ ಹೊತ್ತಿಗೆ ನ್ಯೂಟನ್ ಕ್ಯಾಪ್ಟನ್ ಆಗಿರಲೇ ಇಲ್ಲ. ಗುಲಾಮರ ಹಡಗಿಗೆ ಅವನು ಕ್ಯಾಪ್ಟನ್ ಆದದ್ದು ದೇವರ ಕಡೆ ತಿರುಗಿದ ಎರಡು ವರ್ಷಗಳ ಮೇಲೆ.

ಅವನ ಹಿನ್ನೆಲೆ ತಿಳಿದರೆ ಇದು ಇನ್ನಷ್ಟು ಕಾಡುತ್ತದೆ. ಹುಟ್ಟಿದ್ದು 1725ರ ಜುಲೈನಲ್ಲಿ, ಲಂಡನ್ನಿನ ವಾಪಿಂಗ್‌ನಲ್ಲಿ. ತಂದೆ ಹಡಗಿನ ಕ್ಯಾಪ್ಟನ್. ಬೈಬಲಿನ ವಚನಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದ ತಾಯಿ, ಅವನಿಗೆ ಏಳು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಹನ್ನೊಂದಕ್ಕೆ ಸಮುದ್ರಕ್ಕಿಳಿದ ಹುಡುಗನನ್ನು ಮುಂದೆ ಬಲವಂತವಾಗಿ ನೌಕಾದಳಕ್ಕೆ ಸೇರಿಸಲಾಯಿತು. ಅಲ್ಲಿಂದ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು, ಎಲ್ಲರೆದುರು ಚಾಟಿಯೇಟು ತಿಂದ.

ಕೊನೆಗೆ ಸಿಯೆರಾ ಲಿಯೋನ್ ತೀರದಾಚೆಯ ಪ್ಲಾಂಟೇನ್ ದ್ವೀಪಗಳಲ್ಲಿ ಗುಲಾಮರ ದಲ್ಲಾಳಿಯೊಬ್ಬನ ಕೈಕೆಳಗೆ ಬಿದ್ದ. ಜ್ವರದಲ್ಲಿ ನರಳುತ್ತಿದ್ದವನಿಗೆ ಒಂದು ಲೋಟ ನೀರೂ ಸಿಗದ ದಿನಗಳಿದ್ದವು. ಹಸಿವಿನಿಂದ ಸೊರಗಿದ ಅವನಿಗೆ ಕದ್ದುಮುಚ್ಚಿ ಊಟ ತಂದುಕೊಟ್ಟವರು ಸರಪಳಿಯಲ್ಲಿದ್ದ ಗುಲಾಮರು. ಯಜಮಾನರ ಕಣ್ಣಿಗೆ ಬಿದ್ದರೆ ಗತಿಯಿಲ್ಲ ಎಂದು ಗೊತ್ತಿದ್ದೂ, ತಮಗೆ ಸಿಗುತ್ತಿದ್ದ ಅರೆಹೊಟ್ಟೆಯ ಪಾಲಿನಲ್ಲೇ ಅವನಿಗೂ ಹಂಚಿದರು. ಇದನ್ನು ನ್ಯೂಟನ್ ತಾನೇ ಬರೆದಿಟ್ಟಿದ್ದಾನೆ.

ಆ ತುತ್ತು ತಿಂದವನು ಮೂರೇ ವರ್ಷದ ಒಳಗೆ, ಅದೇ ಕರಾವಳಿಗೆ, ಅಂಥವರನ್ನೇ ಕೊಳ್ಳಲು ಮರಳಿ ಬಂದ.

ಒಂದು ಕೈಯಲ್ಲಿ ಬೈಬಲ್

1748ರಲ್ಲೇ ನ್ಯೂಟನ್ ಗುಲಾಮರ ಹಡಗೊಂದಕ್ಕೆ ಮೇಟ್ (ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ) ಆಗಿ ಹೊರಟ. 1750ರಲ್ಲಿ ತಾನು ಪ್ರೀತಿಸಿದ ಮೇರಿ ಕ್ಯಾಟ್ಲೆಟ್‌ಳನ್ನು ಮದುವೆಯಾದ. ಅದೇ ವರ್ಷ ‘ಡ್ಯೂಕ್ ಆಫ್ ಆರ್ಗೈಲ್’ ಹಡಗಿನ ಕ್ಯಾಪ್ಟನ್ ಆದ. ಆಮೇಲೆ ‘ಆಫ್ರಿಕನ್’ ಹಡಗಿನಲ್ಲಿ ಇನ್ನೆರಡು ಯಾತ್ರೆ.

ಆ ದಿನಗಳಲ್ಲಿ ಅವನ ಭಕ್ತಿಯಲ್ಲಿ ಸೋಗು ಇರಲಿಲ್ಲ. ಬೈಬಲ್ ಓದುತ್ತಿದ್ದ. ಭಾನುವಾರ ಸಿಬ್ಬಂದಿಯನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ದೇವರ ಕೃಪೆಯನ್ನು ನೆನೆಯುತ್ತ ಹೆಂಡತಿಗೆ ಉದ್ದುದ್ದ ಪತ್ರ ಬರೆಯುತ್ತಿದ್ದ.

ಹಡಗಿನ ದಿನಚರಿ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಹಲಗೆಯಡಿಯ ಕತ್ತಲಲ್ಲಿ ಇಬ್ಬಿಬ್ಬರನ್ನು ಜೋಡಿಸಿ ಕೈಕಾಲಿಗೆ ಕೋಳ ತೊಡಿಸಿ ಮಲಗಿಸಲಾಗಿತ್ತು. ಒಬ್ಬ ಮಗ್ಗುಲು ಬದಲಿಸಿದರೆ ಇನ್ನೊಬ್ಬನ ಚರ್ಮ ಕೀಳುತ್ತಿತ್ತು. 1752ರ ಡಿಸೆಂಬರಿನಲ್ಲಿ ಬಂಡಾಯದ ಸುಳಿವು ಸಿಕ್ಕಾಗ, ಬಾಯಿ ಬಿಡಿಸಲೆಂದು ಹುಡುಗರ ಹೆಬ್ಬೆರಳಿಗೆ ತಿರುಪಿನ ಇಕ್ಕಳ ಹಾಕಿಸಿದ್ದನ್ನು ಕ್ಯಾಪ್ಟನ್ ನ್ಯೂಟನ್ ಶಾಂತವಾಗಿ ದಾಖಲಿಸಿದ್ದಾನೆ.

ಪ್ರಾರ್ಥನೆಯೂ ಆ ಇಕ್ಕಳವೂ ಒಂದೇ ಹಡಗಿನಲ್ಲಿದ್ದವು, ಒಬ್ಬನೇ ಮನುಷ್ಯನ ಅಧೀನದಲ್ಲಿದ್ದವು. ಒಂದು ಇನ್ನೊಂದನ್ನು ಪ್ರಶ್ನಿಸಲಿಲ್ಲ. ಕೆಲಸ ತನಗೆ ಹಿಡಿಸುತ್ತಿಲ್ಲ, ಒಂದು ಬಗೆಯ ಜೈಲರ್ ಆಗಿದ್ದೇನೆ ಎಂಬ ಕಸಿವಿಸಿ ಅವನಿಗಿತ್ತು. ಇದಕ್ಕಿಂತ ಮನುಷ್ಯತ್ವದ ಕಸುಬು ಕೊಡು ಎಂದು ದೇವರಲ್ಲಿ ಬೇಡಿಕೊಂಡದ್ದೂ ಉಂಟು. ಆದರೆ ಅದು ಪಾಪ ಎಂಬ ಅರಿವು ಮೂಡಿರಲಿಲ್ಲ. ರೂಢಿ, ಸುತ್ತಲಿನವರ ನಡತೆ, ಲಾಭ, ಈ ಮೂರೂ ಸೇರಿ ತನ್ನ ಕಣ್ಣು ಕಟ್ಟಿದ್ದವು ಎಂಬ ಅರ್ಥದ ಮಾತನ್ನು ಅವನು ಮುಂದೆ ಬರೆದ.

1754ರ ನವೆಂಬರಿನಲ್ಲಿ, ಮತ್ತೊಂದು ಯಾತ್ರೆಗೆ ಹೊರಡಲು ಎರಡೇ ದಿನ ಇದ್ದಾಗ, ಅವನಿಗೆ ಮೂರ್ಛೆ ಬಂತು. ವೈದ್ಯರು ಸಮುದ್ರಯಾನ ಬೇಡವೆಂದರು. ಅವನು ಆ ಕೆಲಸ ಬಿಟ್ಟದ್ದು ಆರೋಗ್ಯ ಕೆಟ್ಟಿದ್ದಕ್ಕೆ, ಮನಸ್ಸಾಕ್ಷಿ ಚುಚ್ಚಿದ್ದಕ್ಕಲ್ಲ.

> ಬದುಕಿನ ಮಜಲುಗಳು
> 1725: ಲಂಡನ್ನಿನಲ್ಲಿ ಜನನ
> 1748: ‘ಗ್ರೇಹೌಂಡ್’ ಬಿರುಗಾಳಿ, ದೇವರ ಕಡೆ ಮೊದಲ ತಿರುವು
> 1750–54: ಗುಲಾಮರ ಹಡಗಿನ ಕ್ಯಾಪ್ಟನ್, ಮೂರು ಯಾತ್ರೆ
> 1764: ಓಲ್ನಿ ಊರಿನ ಸಭಾಪಾಲನೆ
> 1773: ‘ಅಮೇಜಿಂಗ್ ಗ್ರೇಸ್’
> 1780: ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ
> 1788: ಗುಲಾಮರ ವ್ಯಾಪಾರದ ವಿರುದ್ಧ ಕಿರುಹೊತ್ತಗೆ
> 1807: ಮಾರ್ಚಿನಲ್ಲಿ ವ್ಯಾಪಾರ ನಿಷೇಧದ ಕಾಯ್ದೆ, ಡಿಸೆಂಬರ್ 21ರಂದು ನಿಧನ

ಒಬ್ಬನೇ ಬೆಳೆಯಲಾಗದು

ಬಿರುಗಾಳಿಯ ನಂತರದ ಆರು ವರ್ಷ ನ್ಯೂಟನ್ ನಂಬಿಕೆಯ ವಿಷಯದಲ್ಲಿ ಬಹುಮಟ್ಟಿಗೆ ಒಂಟಿ. ಹೇಳಿಕೊಡುವ ಗುರು ಇರಲಿಲ್ಲ, ತಿದ್ದುವ ಸಭೆ ಇರಲಿಲ್ಲ. 1754ರಲ್ಲಿ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಅಲೆಕ್ಸಾಂಡರ್ ಕ್ಲೂನಿ ಎಂಬ ಇನ್ನೊಬ್ಬ ಹಡಗಿನ ಕ್ಯಾಪ್ಟನ್ ಸಿಕ್ಕ. ಇಬ್ಬರೂ ಸಂಜೆಗಳಲ್ಲಿ ಕೂತು ಮಾತಾಡಿದರು. ರಕ್ಷಣೆ ತನ್ನ ವ್ರತನಿಯಮಗಳಿಂದ ನಿಲ್ಲುವಂಥದ್ದಲ್ಲ, ದೇವರ ಕೃಪೆಯೇ ಅದನ್ನು ಹಿಡಿದಿಟ್ಟಿದೆ ಎಂಬ ಧೈರ್ಯ ನ್ಯೂಟನ್‌ಗೆ ಮೊದಲು ಬಂದದ್ದು ಆ ಗೆಳೆತನದಲ್ಲಿ.

1755ರಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಗ್ರೀಕ್, ಹೀಬ್ರೂ ಕಲಿತ. ಕಲಿಯುವ ಛಲ ಅವನಿಗೆ ಹೊಸದೇನಲ್ಲ. ಪ್ಲಾಂಟೇನ್ ದ್ವೀಪದ ಆ ಹೀನ ದಿನಗಳಲ್ಲೂ ಮರಳ ಮೇಲೆ ಕಡ್ಡಿಯಿಂದ ಗೆರೆ ಎಳೆದು ಯೂಕ್ಲಿಡ್‌ನ ರೇಖಾಗಣಿತ ಕಲಿತವನು ಅವನು. ಪಾದ್ರಿಯಾಗಲು ಅರ್ಜಿ ಹಾಕಿದಾಗ ಚರ್ಚಿನ ಹಿರಿಯರು ತಿರಸ್ಕರಿಸಿದರು. ಏಳು ವರ್ಷ ಕಾದ ಮೇಲೆ, 1764ರಲ್ಲಿ, ದೀಕ್ಷೆ ಸಿಕ್ಕಿತು. ಬಕಿಂಗ್‌ಹ್ಯಾಮ್‌ಶೈರಿನ ಓಲ್ನಿ ಎಂಬ ಬಡ ಊರಿಗೆ ಹೋದ.

ಓಲ್ನಿಯ ಜನ ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದವರು. ಹಳೆಯ ನಾವಿಕನ ಅಂಗಿ ತೊಟ್ಟೇ ಅವರ ಮನೆಗಳಿಗೆ ಹೋಗಿ ಬರುತ್ತಿದ್ದ ಈ ಪಾದ್ರಿ, ಮಕ್ಕಳಿಗೆಂದು ಪ್ರತ್ಯೇಕ ಕೂಟ ನಡೆಸಿದ, ವಾರದ ಪ್ರಾರ್ಥನಾ ಕೂಟಕ್ಕೆ ಹೊಸ ಹಾಡು ಕಟ್ಟಿಕೊಟ್ಟ.

1773ರ ಆರಂಭದಲ್ಲಿ ಅವನ ಗೆಳೆಯ, ಕವಿ ವಿಲಿಯಂ ಕೂಪರ್, ಖಿನ್ನತೆಗೆ ಬಿದ್ದು ದೇವರು ತನ್ನನ್ನು ಕೈಬಿಟ್ಟಿದ್ದಾನೆಂದೇ ನಂಬಿದ. ನ್ಯೂಟನ್ ದಂಪತಿ ಅವನನ್ನು ಪಾದ್ರಿ ಮನೆಯಲ್ಲೇ ಇಟ್ಟುಕೊಂಡು ಒಂದು ವರ್ಷಕ್ಕೂ ಮೀರಿ ನೋಡಿಕೊಂಡರು. ಕೂಪರನಿಗೆ ಆ ಕತ್ತಲೆ ಪೂರ್ತಿ ಹರಿಯಲೇ ಇಲ್ಲ. ನಂಬಿಕೆ ಸಾಲದು ಎಂದು ಬೈದು ನ್ಯೂಟನ್ ಅವನನ್ನು ದೂರವಿಡಲಿಲ್ಲ. ನಂಬಿಕೆ ಮಾಗಿದ ಗುರುತುಗಳಲ್ಲಿ ಇದೂ ಒಂದು: ವಾಸಿಯಾಗದ ನೋವಿನ ಪಕ್ಕದಲ್ಲೂ ಎದ್ದುಹೋಗದೆ ಕೂರುವ ತಾಳ್ಮೆ.

ಗರಿ, ತೆನೆ, ಕಾಳು

ಓಲ್ನಿಯಲ್ಲಿದ್ದಾಗಲೇ ನ್ಯೂಟನ್ ‘ಒಮಿಕ್ರಾನ್’ ಎಂಬ ಗುಪ್ತನಾಮದಲ್ಲಿ ಪತ್ರಗಳನ್ನು ಪ್ರಕಟಿಸಿದ. 1774ರಲ್ಲಿ ಅವು ಪುಸ್ತಕವಾದವು. ಅವುಗಳಲ್ಲಿ ಮೂರು ಪತ್ರಗಳು ಕ್ರೈಸ್ತ ಜೀವನದ ಬೆಳವಣಿಗೆಯನ್ನು ಕುರಿತವು. ಅವುಗಳಿಗೆ ಆಧಾರ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಹೇಳುವ ಪುಟ್ಟ ಸಾಮ್ಯ: ಬಿತ್ತಿದವನು ಮಲಗಿ ಏಳುತ್ತಿರುವಾಗಲೇ, ಅವನಿಗೆ ಗೊತ್ತಿಲ್ಲದ ಹಾಗೆ, ಬೀಜ ಮೊಳೆತು ಮೊದಲು ಗರಿ, ಆಮೇಲೆ ತೆನೆ, ಕೊನೆಗೆ ತುಂಬಿದ ಕಾಳು ಆಗುತ್ತದೆ.

ಮೂರು ಹಂತದ ವಿಶ್ವಾಸಿಗಳನ್ನು ನ್ಯೂಟನ್ ಎ, ಬಿ, ಸಿ ಎಂದು ಕರೆದ. ಎ ಹಂತದವನ ಲಕ್ಷಣ ಹಂಬಲ. ಹೊಸ ಉತ್ಸಾಹ, ಬೆಚ್ಚನೆಯ ಭಾವ, ಎಲ್ಲರಿಗೂ ಹೇಳಿಬಿಡುವ ಆತುರ. ಭಾವ ಏರಿದ ದಿನ ದೇವರು ಹತ್ತಿರ, ಇಳಿದ ದಿನ ದೂರ.

ಬಿ ಹಂತದ್ದು ಹೋರಾಟ. ಇಸ್ರಾಯೇಲ್ಯರು ಕೆಂಪು ಸಮುದ್ರ ದಾಟಿ ಹಾಡಿ ಕುಣಿದ ಮೇಲೆ ಎದುರಾದದ್ದು ಅರಣ್ಯ. ಹಾಗೆಯೇ ಕ್ಷಮೆಯ ಭರವಸೆ ಸಿಕ್ಕವನು ಇನ್ನು ಎಲ್ಲ ಸಲೀಸು ಎಂದುಕೊಂಡ ಹೊತ್ತಿಗೆ, ತನ್ನೊಳಗಿನ ಗರ್ವ, ಹೊಟ್ಟೆಕಿಚ್ಚು, ಸ್ವಾರ್ಥ ಒಂದೊಂದಾಗಿ ಕಾಣತೊಡಗುತ್ತವೆ. ಹಿಂದೆ ಬಿದ್ದೆನೇನೋ ಎಂಬ ಭಯ ಬರುವುದೂ ಆಗಲೇ. ನ್ಯೂಟನ್‌ನ ಪ್ರಕಾರ ಅದು ಹಿನ್ನಡೆಯಲ್ಲ, ತೆನೆ ಒಡೆಯುವ ಕಾಲ.

ಸಿ ಹಂತದವನ ಲಕ್ಷಣ ಧ್ಯಾನ. ಅವನು ಪಾಪವಿಲ್ಲದವನಲ್ಲ. ಭಾವದ ಬಿಸಿಯಲ್ಲಿ ಎ ಹಂತದವನೇ ಅವನಿಗಿಂತ ಮುಂದಿರಬಹುದು. ಆದರೆ ಅವನು ತನ್ನನ್ನು ಬಲ್ಲ, ದೇವರನ್ನೂ ಬಲ್ಲ. ತನ್ನ ಎದೆಯೊಳಗೆ ಏನೇನಿದೆ ಎಂದು ಕಂಡವನಾದ್ದರಿಂದ ಬೇರೆಯವರ ತಪ್ಪಿನ ಮೇಲೆ ಮುಗಿಬೀಳುವುದಿಲ್ಲ. ದೇವರ ಮಹಿಮೆಯೇ ಅವನ ಗುರಿ. ತನಗೇನು ಸಿಕ್ಕಿತು ಎಂಬ ಲೆಕ್ಕ ಅವನಿಗೆ ಬೇಡ.

ಕೃಷಿ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಸುರಾಗಿ ಎದ್ದು ನಿಂತ ಪೈರು ಕಣ್ಣಿಗೆ ಹಬ್ಬ. ಮನೆಗೆ ಬರುವುದು ಮಾತ್ರ ಹಾಲುದುಂಬಿ, ಕಾಳುಕಟ್ಟಿ, ಭಾರಕ್ಕೆ ಬಾಗಿದ ತೆನೆ.

> ಹಾಡು ನಡೆದ ದಾರಿ
> 1773ರ ಜನವರಿ 1ರ ಹೊಸ ವರ್ಷದ ಪ್ರಸಂಗಕ್ಕಾಗಿ ನ್ಯೂಟನ್ ಓಲ್ನಿಯಲ್ಲಿ ‘ಅಮೇಜಿಂಗ್ ಗ್ರೇಸ್’ ಹಾಡನ್ನು ಬರೆದ. ಆಧಾರ, ಒಂದನೇ ಪೂರ್ವಕಾಲ ವೃತ್ತಾಂತದ 17ನೇ ಅಧ್ಯಾಯದ ದಾವೀದನ ಪ್ರಾರ್ಥನೆ. ಅಚ್ಚಾದದ್ದು 1779ರ ‘ಓಲ್ನಿ ಹಿಮ್ಸ್’ ಸಂಕಲನದಲ್ಲಿ. ನ್ಯೂಟನ್ ಮತ್ತು ಕೂಪರ್ ಬರೆದ 348 ಹಾಡುಗಳು ಅದರಲ್ಲಿವೆ. ಇಂದು ನಾವು ಕೇಳುವ ‘ನ್ಯೂ ಬ್ರಿಟನ್’ ರಾಗಕ್ಕೆ ಅದನ್ನು ಜೋಡಿಸಿದವನು ಅಮೆರಿಕದ ವಿಲಿಯಂ ವಾಕರ್, 1835ರಲ್ಲಿ. ಆ ರಾಗದಲ್ಲಿ ತನ್ನ ಹಾಡನ್ನು ನ್ಯೂಟನ್ ಕೇಳಲೇ ಇಲ್ಲ.

ಗೋಡೆಯ ಮೇಲಿನ ವಚನ

ಓಲ್ನಿಯ ಪಾದ್ರಿ ಮನೆಯಲ್ಲಿ ನ್ಯೂಟನ್‌ನ ಓದುವ ಕೋಣೆಯಿತ್ತು. ಅಲ್ಲಿನ ಅಗ್ಗಿಷ್ಟಿಕೆಯ ಮೇಲೆ, ತಲೆಯೆತ್ತಿದರೆ ಕಾಣುವಂತೆ, ಬೈಬಲಿನ ಎರಡು ವಚನಗಳನ್ನು ಗೋಡೆಗೆ ಬರೆಸಿದ್ದ. ಅದರಲ್ಲೊಂದು ಧರ್ಮೋಪದೇಶಕಾಂಡ 15:15. ನೀವೂ ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ದೇವರು ನಿಮ್ಮನ್ನು ಬಿಡಿಸಿದ್ದನ್ನು ಮರೆಯಬೇಡಿ ಎಂಬುದು ಅದರ ತಾತ್ಪರ್ಯ. ತಾನು ಎಂಥ ಸ್ಥಿತಿಯಿಂದ ಬಿಡುಗಡೆಯಾದೆ ಎಂದು ದಿನವೂ ನೆನೆಯಲು ಅವನಿಗೆ ಆ ವಚನ ಬೇಕಿತ್ತು.

ಆ ವಚನದ ಹಿಂದುಮುಂದನ್ನು ಓದಿ ನೋಡಿ. ಅದು ಗುಲಾಮರನ್ನು ಬಿಡುಗಡೆ ಮಾಡಬೇಕೆಂಬ ಕಟ್ಟಳೆಯ ಭಾಗ. ಏಳನೆಯ ವರ್ಷ ಅವರನ್ನು ಬಿಡಬೇಕು, ಬರಿಗೈಯಲ್ಲಿ ಕಳಿಸಬಾರದು ಎಂದು ಹೇಳಿ, ಯಾಕೆಂದರೆ ನೀವೂ ಗುಲಾಮರಾಗಿದ್ದಿರಿ ಎಂದು ಅದು ಕಾರಣ ಕೊಡುತ್ತದೆ. ಎದುರಿಗೇ ಬರೆಸಿದ್ದ ವಚನದ ಅರ್ಧವನ್ನು ನ್ಯೂಟನ್ ತನ್ನ ಆತ್ಮಕ್ಕೆ ಅನ್ವಯಿಸಿಕೊಂಡ. ಉಳಿದರ್ಧ ಅವನನ್ನು ಇನ್ನೂ ಕಾಯುತ್ತಿತ್ತು. ಕ್ವೇಕರ್ ಪಂಥದವರು ಆಗಲೇ ಗುಲಾಮಗಿರಿಯ ವಿರುದ್ಧ ನಿಂತಿದ್ದರು. 1774ರಲ್ಲಿ ಜಾನ್ ವೆಸ್ಲಿ ಅದನ್ನು ಖಂಡಿಸಿ ಬರೆದಿದ್ದ. ಮಾಗುವ ಮೂರು ಹಂತಗಳನ್ನು ಅಷ್ಟು ಚೆಂದಾಗಿ ಬರೆದ ನ್ಯೂಟನ್ ಆಗಿನ್ನೂ ಬಹಿರಂಗವಾಗಿ ಬಾಯಿ ಬಿಟ್ಟಿರಲಿಲ್ಲ.

ಅರವತ್ತೆರಡರಲ್ಲಿ ತಪ್ಪೊಪ್ಪಿಗೆ

1785ರ ಡಿಸೆಂಬರ್. ನ್ಯೂಟನ್ ಆಗ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿನಲ್ಲಿದ್ದ. 26 ವರ್ಷದ ಸಂಸದನೊಬ್ಬ ಗುಟ್ಟಾಗಿ ಅವನನ್ನು ಕಾಣಲು ಬಂದ. ಹೆಸರು ವಿಲಿಯಂ ವಿಲ್ಬರ್‌ಫೋರ್ಸ್. ಹೊಸದಾಗಿ ನಂಬಿಕೆ ಚಿಗುರಿತ್ತು. ರಾಜಕೀಯ ಬಿಟ್ಟುಬಿಡಲೇ ಎಂಬ ತೊಳಲಾಟದಲ್ಲಿದ್ದ. ಬಿಡಬೇಡ, ದೇವರು ಇಟ್ಟಲ್ಲೇ ನಿಂತು ಸೇವೆ ಮಾಡು ಎಂಬುದು ನ್ಯೂಟನ್ ಕೊಟ್ಟ ಸಲಹೆಯ ಸಾರ. ಎರಡು ವರ್ಷದೊಳಗೆ ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟ ಕೈಗೆತ್ತಿಕೊಂಡ.

1788ರಲ್ಲಿ ನ್ಯೂಟನ್ ತಾನೇ ಲೇಖನಿ ಹಿಡಿದ. ‘ಥಾಟ್ಸ್ ಅಪಾನ್ ದಿ ಆಫ್ರಿಕನ್ ಸ್ಲೇವ್ ಟ್ರೇಡ್’ ಎಂಬ ಕಿರುಹೊತ್ತಗೆಯಲ್ಲಿ ಹಡಗಿನೊಳಗಿನ ಸ್ಥಿತಿಯನ್ನೆಲ್ಲ ಬಿಚ್ಚಿಟ್ಟ. ಕೋಳ, ಚಾಟಿ, ಹೆಬ್ಬೆರಳಿನ ಇಕ್ಕಳ, ಹೆಂಗಸರ ಮೇಲಿನ ಅತ್ಯಾಚಾರ, ಸಮುದ್ರಕ್ಕೆ ಎಸೆದ ಹೆಣಗಳು. ತಾನೂ ಇದರಲ್ಲಿ ಪಾಲುಗಾರ ಎಂದು ಹೆಸರು ಹಾಕಿ ಬರೆದ. ತಪ್ಪೊಪ್ಪಿಗೆ ತಡವಾಯಿತು, ತನ್ನಿಂದ ಆದ ನೋವನ್ನು ಅದು ಸರಿಪಡಿಸಲಾರದು ಎಂದೂ ಒಪ್ಪಿಕೊಂಡ. ಅದರ ಪ್ರತಿಗಳು ಸಂಸತ್ತಿನ ಸದಸ್ಯರ ಕೈಸೇರಿದವು. ಬ್ರಿಟಿಷ್ ಸರ್ಕಾರದ ವಿಚಾರಣೆಯಲ್ಲೂ, ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಅವನು ಸಾಕ್ಷಿ ನುಡಿದ.

1748ರಿಂದ 1788ಕ್ಕೆ ಸರಿಯಾಗಿ 40 ವರ್ಷ. ಈ ತಡಕ್ಕೆ ಬೆಲೆ ತೆತ್ತವನು ನ್ಯೂಟನ್ ಅಲ್ಲ. ಅವನ ಮೂರು ಯಾತ್ರೆಗಳಲ್ಲಿ ಮನೆ, ಮಕ್ಕಳು, ಪ್ರಾಣ ಕಳೆದುಕೊಂಡ ಆಫ್ರಿಕದ ಜನ ತೆತ್ತರು. ದೇವರು ತಾಳ್ಮೆಯವನು ಎಂಬ ಸಮಾಧಾನದಲ್ಲಿ ಈ ಸತ್ಯವನ್ನು ಮುಚ್ಚಬಾರದು.

ಆದರೂ ಒಂದು ಮಾತಿದೆ. ಅರವತ್ತೆರಡರ ವಯಸ್ಸಿನಲ್ಲಿ, ಹೆಸರು, ಗೌರವ, ಶಿಷ್ಯವರ್ಗ ಎಲ್ಲ ಇದ್ದಾಗ, ತನ್ನ ಸಾಕ್ಷಿಯ ಅತ್ಯಂತ ಕೆಟ್ಟ ಪುಟವನ್ನು ತಾನೇ ತೆರೆದು ತೋರಿಸಲು ಎ ಹಂತದ ಉತ್ಸಾಹ ಸಾಲುವುದಿಲ್ಲ. ಅದಕ್ಕೆ ಸಿ ಹಂತದ ನಮ್ರತೆ ಬೇಕು.

> ಭಾರತದ ನಂಟು
> ನ್ಯೂಟನ್‌ನ ಆಸರೆ ಪಡೆದ ಯುವಕರಲ್ಲಿ ಸ್ಕಾಟ್ಲೆಂಡಿನ ಕ್ಲಾಡಿಯಸ್ ಬುಕಾನನ್ ಒಬ್ಬ. ಈತ 1797ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ ಕಲ್ಕತ್ತಾಕ್ಕೆ ಬಂದ. 1806ರಲ್ಲಿ ಕೇರಳದ ಸಿರಿಯನ್ ಕ್ರೈಸ್ತರನ್ನು ಭೇಟಿಯಾಗಿ, ಸುವಾರ್ತೆಗಳು ಮಲಯಾಳಕ್ಕೆ ಬರಲು ಕಾರಣನಾದ.

ನಮ್ಮ ಸಭೆಗಳ ಮುಂದಿರುವ ಪ್ರಶ್ನೆ

ನಮ್ಮ ಕರ್ನಾಟಕದ ಸಭೆಗಳಲ್ಲೂ ಸಾಕ್ಷಿ ಹೇಳುವ ಪದ್ಧತಿಯಿದೆ. ಇಂಥ ವರ್ಷ, ಇಂಥ ಕೂಟದಲ್ಲಿ, ಇಂಥ ದಿನ ರಕ್ಷಣೆ ಹೊಂದಿದೆ ಎನ್ನುತ್ತೇವೆ. ಕುಡಿತ ಬಿಟ್ಟದ್ದು, ರೋಗ ವಾಸಿಯಾದದ್ದು, ಕುಟುಂಬ ಒಂದಾದದ್ದು ಹೇಳುತ್ತೇವೆ. ಅವೆಲ್ಲ ಕೃತಜ್ಞತೆಯಿಂದ ಹೇಳಬೇಕಾದವೇ. ಆದರೆ ಆ ದಿನಾಂಕದ ನಂತರ ಏನೇನು ಬದಲಾಯಿತು ಎಂದು ಕೇಳುವವರು ಕಡಿಮೆ.

ನ್ಯೂಟನ್‌ನ ಬಾಯಿ ಬೇಗ ಶುದ್ಧವಾಯಿತು. ದೇವದೂಷಣೆ ಬಿರುಗಾಳಿಯೊಂದಿಗೇ ಹೋಯಿತು. ತಡವಾದದ್ದು ಕಸುಬು. ಸುತ್ತಲ ಸಮಾಜ ಮರ್ಯಾದಸ್ಥರ ಕೆಲಸ ಎಂದು ಒಪ್ಪಿದ್ದ ಪಾಪ ಅವನ ಕಣ್ಣಿಗೆ ಕಟ್ಟಕಡೆಗೆ ಬಿತ್ತು. ನಮಗೂ ಅದು ಹಾಗೆಯೇ. ಕರ್ತನ ಭೋಜನಕ್ಕೆ ಒಟ್ಟಿಗೆ ಕೈಯೊಡ್ಡಿದವರು ಸಂಬಂಧ ಬೆಳೆಸುವಾಗ ಜಾತಿ ವಿಚಾರಿಸುತ್ತೇವೆ. ಮದುವೆಯಲ್ಲಿ ವರದಕ್ಷಿಣೆಯನ್ನು ಉಡುಗೊರೆ ಎಂದು ಕರೆದು ಪ್ರಾರ್ಥನೆ ಮಾಡಿ ಮುಗಿಸುತ್ತೇವೆ. ಮನೆಗೆಲಸದವಳ ಕೂಲಿಯನ್ನು ಹಿಡಿದಿಟ್ಟು ಕಾಣಿಕೆ ಪೆಟ್ಟಿಗೆ ತುಂಬುತ್ತೇವೆ. ಎಲ್ಲರೂ ಹೀಗೇ ತಾನೆ ಎನ್ನುತ್ತೇವೆ. ನ್ಯೂಟನ್‌ನ ಕಣ್ಣು ಕಟ್ಟಿದ್ದ ರೂಢಿ, ಸುತ್ತಲಿನವರ ನಡತೆ, ಲಾಭ ಇವೇ.

ನಂಬಿಕೆ ಎಷ್ಟು ಮಾಗಿದೆ ಎಂಬುದನ್ನು ಪ್ರಾರ್ಥನೆಯ ಉದ್ದ ಹೇಳುವುದಿಲ್ಲ, ಬಾಯಿಪಾಠವಾದ ವಚನಗಳ ಲೆಕ್ಕವೂ ಹೇಳುವುದಿಲ್ಲ. ಸಂಪಾದನೆ, ಸಂಬಂಧ, ಅಧಿಕಾರ, ಈ ಮೂರರೊಳಗೆ ಕ್ರಿಸ್ತನಿಗೆ ಎಷ್ಟು ಪ್ರವೇಶ ಕೊಟ್ಟಿದ್ದೇವೆ ಎಂಬುದೇ ಅದರ ಅಳತೆ. ಅದು ಒಂದು ದಿನದಲ್ಲಿ ಆಗುವ ಕೆಲಸವಲ್ಲ, ಒಂಟಿಯಾಗಿ ಆಗುವ ಕೆಲಸವೂ ಅಲ್ಲ. ನ್ಯೂಟನ್‌ಗೆ ಕ್ಲೂನಿಯಂಥ ಗೆಳೆಯ ಬೇಕಾಯಿತು, ಓಲ್ನಿಯಂಥ ಸಭೆ ಬೇಕಾಯಿತು, ತನಗಿಂತ 34 ವರ್ಷ ಚಿಕ್ಕವನಾದ ವಿಲ್ಬರ್‌ಫೋರ್ಸ್ ಬೇಕಾದ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನಗಳನ್ನು ನಾವು ಉಪವಾಸಕ್ಕೆ, ಪ್ರಾರ್ಥನೆಗೆ, ದಾನಕ್ಕೆ ಮೀಸಲಿಡುತ್ತೇವೆ. ಆ ದಿನಗಳಲ್ಲಿ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು, ಸಾಧ್ಯವಾದರೆ ನಿಮ್ಮ ಕೈಕೆಳಗೆ ದುಡಿಯುವ ಒಬ್ಬರನ್ನು, ಕೂರಿಸಿಕೊಂಡು ಕೇಳಿ: ನನ್ನ ನಂಬಿಕೆ ಇನ್ನೂ ಮುಟ್ಟದ ಜಾಗ ನನ್ನ ಬದುಕಿನಲ್ಲಿ ಯಾವುದು? ಅವರು ಹೇಳುವ ಉತ್ತರವನ್ನು ವಾದಿಸದೆ ಕೇಳಿಸಿಕೊಳ್ಳಿ. ಸರಿಪಡಿಸಬೇಕಾದದ್ದು ಕಂಡರೆ ಆ ವಾರವೇ ಶುರುಮಾಡಿ. ನ್ಯೂಟನ್ ತೆಗೆದುಕೊಂಡ 40 ವರ್ಷ ನಾವೂ ತೆಗೆದುಕೊಳ್ಳಬೇಕಿಲ್ಲ.